ಗುಂಡಿನ ಮಳೆಯಲ್ಲಿ ರಸ್ತೆ ಬಿಡಿಸಿದ ರಾಣೆ

ಯುದ್ಧವೀರರೆಂದರೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಹೆಚ್ಚುಕಡಿಮೆ ಒಂದೇ. ಕೈಯಲ್ಲಿ ಆಯುಧ, ಎದುರಿಗೆ ಶತ್ರು, ಒಂದು ಗರ್ಜನೆ, ಒಂದು ನುಗ್ಗಾಟ. ಯಕ್ಷಗಾನದ ರಂಗಸ್ಥಳಕ್ಕೆ ಅಭಿಮನ್ಯು ಬಂದಾಗ ನಾವು ನೋಡುವುದೂ ಇದನ್ನೇ, ಸಿನಿಮಾದ ಪರದೆಯ ಮೇಲೆ ನೋಡುವುದೂ ಇದನ್ನೇ. ಆದರೆ ನಮ್ಮ ಸೈನ್ಯದ ಅತ್ಯುನ್ನತ ಶೌರ್ಯ ಪದಕವಾದ ಪರಮವೀರ ಚಕ್ರದ ಪ್ರಶಸ್ತಿಪತ್ರಗಳಲ್ಲಿ ಒಂದರ ಧಾಟಿಯೇ ಬೇರೆ. ಅದರಲ್ಲಿ ಹತರಾದ ಶತ್ರುಗಳ ಲೆಕ್ಕವಿಲ್ಲ, ವಶವಾದ ಬಂಕರುಗಳ ವಿವರವಿಲ್ಲ. ಬೆಳಿಗ್ಗೆ ಇಷ್ಟು ಗಂಟೆಗೆ ಕೆಲಸ ಆರಂಭ, ಇಷ್ಟು ಗಂಟೆಗೆ ಬಳಸುದಾರಿ ಸಿದ್ಧ, ಇಷ್ಟು ಗಂಟೆಗೆ ಮರಗಳ ತೆರವು, ರಾತ್ರಿ ಇಷ್ಟು ಗಂಟೆಗೆ ಕೆಲಸ ನಿಂತಿತು ಎಂದು ಅದು ಲೋಕೋಪಯೋಗಿ ಇಲಾಖೆಯ ದಿನಚರಿ ಪುಸ್ತಕದಂತೆ ಸಾಗುತ್ತದೆ.

ಆ ಪತ್ರ ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬ ರಾಣೆಯವರದು. ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನ ಚೆಂಡಿಯಾ ಅವರ ಮನೆತನದ ಊರು. 1948ರ ಏಪ್ರಿಲ್ 8ರಿಂದ 11ರವರೆಗೆ ನಾಲ್ಕು ದಿನ ಅವರು ಮಾಡಿದ್ದು ಒಂದೇ ಕೆಲಸ: ಜಮ್ಮುವಿನ ಗುಡ್ಡಗಾಡಿನಲ್ಲಿ ಮುಚ್ಚಿಹೋಗಿದ್ದ ಒಂದು ರಸ್ತೆಯನ್ನು ಬಿಡಿಸಿದ್ದು. ಅದು ಎಂಥ ಕೆಲಸ ಎಂಬುದು ಅರ್ಥವಾಗದೆ ಆ ಶೌರ್ಯವೂ ಅರ್ಥವಾಗುವುದಿಲ್ಲ. ಆದ್ದರಿಂದ ರಸ್ತೆಯಿಂದಲೇ ಆರಂಭಿಸಬೇಕು.

1947ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನದ ಕಡೆಯಿಂದ ಬುಡಕಟ್ಟಿನ ದಾಳಿಕೋರರು ಕಾಶ್ಮೀರಕ್ಕೆ ನುಗ್ಗಿದ್ದು, ಮಹಾರಾಜ ಹರಿಸಿಂಗರು ಭಾರತಕ್ಕೆ ಸೇರಿಕೊಂಡದ್ದು, ಶ್ರೀನಗರಕ್ಕೆ ವಿಮಾನದಲ್ಲಿ ಸೈನ್ಯ ಹೋಗಿ ಇಳಿದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಷ್ಟಾಗಿ ಗೊತ್ತಿಲ್ಲದ್ದು ಪೀರ್ ಪಂಜಾಲ್ ಪರ್ವತಸಾಲಿನ ದಕ್ಷಿಣಕ್ಕೆ, ಜಮ್ಮುವಿನ ಪಶ್ಚಿಮದ ಗುಡ್ಡಗಳಲ್ಲಿ ಅದೇ ಹೊತ್ತಿಗೆ ನಡೆದದ್ದು. ರಾಜೌರಿ ಪಟ್ಟಣ 1947ರ ನವೆಂಬರ್‌ನಲ್ಲಿ ಎದುರಾಳಿಗಳ ಕೈಸೇರಿತು. ಊರಿನವರೂ, ಸುತ್ತಲ ಹಳ್ಳಿಗಳಿಂದ ಬಂದು ಅಲ್ಲಿ ಆಶ್ರಯ ಪಡೆದಿದ್ದವರೂ ದೊಡ್ಡ ಸಂಖ್ಯೆಯಲ್ಲಿ ಹತರಾದರು. ಡಿಸೆಂಬರ್ 24ರಂದು ಝಂಗಡ್ ಕೈತಪ್ಪಿತು. 1948ರ ಫೆಬ್ರವರಿ 6ರಂದು ನೌಶೇರಾದ ಮೇಲೆ ನಡೆದ ಭಾರಿ ದಾಳಿಯನ್ನು ಬ್ರಿಗೇಡಿಯರ್ ಮಹಮ್ಮದ್ ಉಸ್ಮಾನರ ಪಡೆ ಹಿಮ್ಮೆಟ್ಟಿಸಿತು. ಮಾರ್ಚ್‌ನಲ್ಲಿ ಝಂಗಡ್ ಮರಳಿ ಬಂತು. ಇನ್ನು ಉಳಿದದ್ದು ನೌಶೇರಾದಿಂದ ಉತ್ತರಕ್ಕೆ ರಾಜೌರಿಯ ದಾರಿ. ಅಲ್ಲಿ ಬದುಕುಳಿದವರು ಆಗಲೇ ಐದು ತಿಂಗಳಿಂದ ಕಾಯುತ್ತಿದ್ದರು.

ಈ ದಾರಿ ಹೊಸದಲ್ಲ. ಮೊಗಲ್ ಬಾದಶಹರು ಬೇಸಿಗೆ ಕಳೆಯಲು ಲಾಹೋರಿನ ಕಡೆಯಿಂದ ಕಾಶ್ಮೀರಕ್ಕೆ ಹೋಗಿ ಬರುತ್ತಿದ್ದುದು ಇದೇ ದಾರಿಯಲ್ಲಿ. ನೌಶೇರಾ ಮತ್ತು ರಾಜೌರಿಯ ನಡುವೆ ಚಿಂಗಸ್ ಎಂಬಲ್ಲಿ ಆ ಕಾಲದ ಸರಾಯಿಯೊಂದಿದೆ. 1627ರಲ್ಲಿ ಕಾಶ್ಮೀರದಿಂದ ಮರಳುವಾಗ ದಾರಿಯಲ್ಲೇ ತೀರಿಕೊಂಡ ಜಹಾಂಗೀರನ ದೇಹ ಕೆಡದಂತೆ ಕರುಳನ್ನು ತೆಗೆಸಿ ನೂರ್ ಜಹಾನ್ ಇಲ್ಲಿ ಹೂಳಿಸಿದಳೆಂದೂ, ಸಿಂಹಾಸನಕ್ಕೆ ಜಗಳ ಹತ್ತಬಾರದೆಂದು ಸಾವಿನ ಸುದ್ದಿಯನ್ನು ಮುಚ್ಚಿಟ್ಟಳೆಂದೂ ಪ್ರತೀತಿ. ಊರಿನ ಹೆಸರಿಗೆ ಪಾರಸಿಯಲ್ಲಿ ಕರುಳು ಎಂದೇ ಅರ್ಥ ಹೇಳುತ್ತಾರೆ. ಆನೆ, ಪಲ್ಲಕ್ಕಿಗಳು ನಡೆದ ಈ ದಾರಿ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಮರಿ, ಕೆಳಗೆ ತವಿ ನದಿ ಎಂಬಂತೆ ಹಾವಿನ ಹಾಗೆ ಸುತ್ತಿಕೊಂಡು ಹೋಗುತ್ತದೆ. ಈ ತವಿ ಜಮ್ಮು ನಗರದ ತವಿಯಲ್ಲ, ಮನಾವರ್ ತವಿ ಎಂಬ ಬೇರೆ ಹೊಳೆ.

ನಮ್ಮ ಅರಬೈಲು ಘಟ್ಟದಲ್ಲೋ ದೇವಿಮನೆ ಘಟ್ಟದಲ್ಲೋ ಮಳೆಗಾಲದಲ್ಲಿ ಒಂದು ಮರ ಅಡ್ಡ ಬಿದ್ದರೆ ಏನಾಗುತ್ತದೆಂದು ಬಸ್ಸಿನಲ್ಲಿ ಕುಳಿತು ಕಾದವರಿಗೆ ಗೊತ್ತು. ಹಿಂದೆ ಹೋಗುವಂತಿಲ್ಲ, ಪಕ್ಕಕ್ಕೆ ಸರಿಯುವಂತಿಲ್ಲ. ಯುದ್ಧದಲ್ಲಿ ಅಂಥ ಮರವನ್ನು ಬೇಕೆಂದೇ ಕೆಡವುತ್ತಾರೆ. ತಡೆ ಹಾಕುವವರು ಅದಕ್ಕೆ ತಿರುವನ್ನೇ ಆರಿಸಿಕೊಳ್ಳುತ್ತಾರೆ, ಬಂದವರಿಗೆ ಮುಂದೇನಿದೆ ಎಂದು ಕಾಣಬಾರದು ಎಂದು. ಮರದ ಸುತ್ತ ನೆಲಬಾಂಬುಗಳನ್ನು ಹುಗಿಯುತ್ತಾರೆ. ಮೂರನೆಯದು ಮುಖ್ಯ. ಎದುರಿನ ಗುಡ್ಡದಲ್ಲಿ ಒಂದು ಮಷೀನ್‌ಗನ್ನನ್ನು ಆ ಜಾಗಕ್ಕೇ ಗುರಿಯಿಟ್ಟು ಕೂರಿಸುತ್ತಾರೆ. ಬರಿಯ ಮರವಾದರೆ ಕಡಿದು ಎಸೆಯಬಹುದು. ಬರಿಯ ನೆಲಬಾಂಬಾದರೆ ನಿಧಾನವಾಗಿ ತೆಗೆಯಬಹುದು. ಮೂರೂ ಸೇರಿದಾಗ, ಮರ ತೆಗೆಯಲು ಬಂದವನು ಮೊದಲು ಬಾಂಬು ತೆಗೆಯಬೇಕು, ಬಾಂಬು ತೆಗೆಯಲು ಕುಳಿತವನು ಗುಂಡಿಗೆ ಗುರಿಯಾಗಬೇಕು. ರಸ್ತೆ ತಡೆಯ ಲೆಕ್ಕಾಚಾರ ಇದು.

ಇದನ್ನು ಬಿಡಿಸುವವರು ಸ್ಯಾಪರ್‌ಗಳು, ಅಂದರೆ ಸೈನ್ಯದ ಎಂಜಿನಿಯರ್ ದಳದವರು. ಬೆಂಗಳೂರಿನವರಿಗೆ ಹಲಸೂರು ಕೆರೆಯ ಸುತ್ತಮುತ್ತಲ ಮದ್ರಾಸ್ ಸ್ಯಾಪರ್ಸ್ ಪರಿಚಯವಿದೆ. ಅವರದೇ ಸೋದರ ದಳ ಪುಣೆಯ ಖಡಕಿಯಲ್ಲಿ ನೆಲೆ ಇರುವ ಬಾಂಬೆ ಸ್ಯಾಪರ್ಸ್. ಸೇತುವೆ ಕಟ್ಟುವುದು, ಸೇತುವೆ ಒಡೆಯುವುದು, ಬಾಂಬು ಹುಗಿಯುವುದು, ಹುಗಿದದ್ದನ್ನು ತೆಗೆಯುವುದು ಎಲ್ಲ ಇವರ ಕಸುಬು. ನೆಲಬಾಂಬು ಹುಡುಕುವ ಹಳೆಯ ಕ್ರಮ ನೋಡಿ: ನೆಲಕ್ಕೆ ಮಂಡಿಯೂರಿ ಅಥವಾ ಬೋರಲಾಗಿ ಮಲಗಿ, ಬಂದೂಕಿನ ಸನೀನನ್ನೋ ಚೂಪು ಸರಳನ್ನೋ ಓರೆಯಾಗಿ ಮೆಲ್ಲಗೆ ಮಣ್ಣಿಗೆ ಚುಚ್ಚುತ್ತಾ ಹೋಗುವುದು. ನೆಟ್ಟಗೆ ಚುಚ್ಚಬಾರದು. ಬಾಂಬಿನ ನೆತ್ತಿಗೆ ತಗುಲಿದರೆ ಸಿಡಿಯುತ್ತದೆ, ಪಕ್ಕಕ್ಕೆ ತಗುಲಿದರೆ ಇದೆಯೆಂದು ತಿಳಿಯುತ್ತದೆ. ಆಮೇಲೆ ಬೆರಳಿನಿಂದ ಮಣ್ಣು ಸರಿಸಿ, ಅಡಿಯಲ್ಲಿ ಇನ್ನೊಂದು ಕಟ್ಟಿದ್ದಾರೆಯೇ ಎಂದು ನೋಡಿ, ನಿರುಪದ್ರವ ಮಾಡಿ ಎತ್ತಿಡುವುದು. ಟ್ಯಾಂಕಿಗೆಂದು ಇಟ್ಟ ಬಾಂಬು ಸಾಮಾನ್ಯವಾಗಿ ಮನುಷ್ಯನ ಭಾರಕ್ಕೆ ಸಿಡಿಯದು, ವಾಹನದ ಭಾರಕ್ಕೆ ಸಿಡಿಯುತ್ತದೆ ಎಂಬುದು ಸಮಾಧಾನದ ಮಾತು. ಆದರೆ ಮಣ್ಣಿನಡಿ ಇರುವುದು ಯಾವ ಬಗೆಯದೆಂದು ತೆಗೆದ ಮೇಲಷ್ಟೇ ಖಾತ್ರಿ.

ಕಾಲಾಳು ಸೈನಿಕನಿಗೆ ಗುಂಡು ಬಂದಾಗ ಮಾಡಲು ಎರಡು ಕೆಲಸಗಳಿವೆ. ಮರೆಗೆ ಮಲಗಬಹುದು, ತಿರುಗಿ ಗುಂಡು ಹಾರಿಸಬಹುದು. ಸ್ಯಾಪರನಿಗೆ ಎರಡೂ ಇಲ್ಲ. ಅವನ ಕಣ್ಣು ಮಣ್ಣಿನ ಮೇಲೆ, ಎರಡೂ ಕೈ ಕೆಲಸದ ಮೇಲೆ. ಕೈ ನಡುಗಿದರೆ ಶತ್ರುವಿನ ಗುಂಡು ಬೇಕಾಗಿಲ್ಲ.

ಏಪ್ರಿಲ್ 8ರಂದು ರಾಜೌರಿಯತ್ತ ಹೊರಟ ಪಡೆಯ ಮುಂಚೂಣಿಯಲ್ಲಿ ಡೋಗ್ರಾ ರೆಜಿಮೆಂಟಿನ 4ನೇ ಬೆಟಾಲಿಯನ್ ಇತ್ತು, ಸೆಂಟ್ರಲ್ ಇಂಡಿಯಾ ಹಾರ್ಸ್‌ನ ಸ್ಟುವರ್ಟ್ ಟ್ಯಾಂಕುಗಳಿದ್ದವು. ಅವರಿಗೆ ದಾರಿ ಮಾಡಿಕೊಡುವ ಹೊಣೆ ಬಾಂಬೆ ಸ್ಯಾಪರ್ಸ್‌ನ 37ನೇ ಅಸಾಲ್ಟ್ ಫೀಲ್ಡ್ ಕಂಪನಿಯ ಒಂದು ತುಕಡಿಯದು, ಅದರ ನಾಯಕ ರಾಣೆ. ನೌಶೇರಾ–ರಾಜೌರಿ ರಸ್ತೆಯ 26ನೇ ಮೈಲಿಗಲ್ಲಿನ ಬಳಿ ಅವರ ಕೆಲಸ. ಬೆಳಿಗ್ಗೆ 11 ಗಂಟೆಗೆ, ಇನ್ನೂ ಕೆಲಸ ಶುರುವಾಗುವ ಮೊದಲೇ, ನಾಡ್‌ಪುರ್ ದಕ್ಷಿಣ ಎಂಬಲ್ಲಿ ಟ್ಯಾಂಕುಗಳ ಪಕ್ಕದಲ್ಲಿ ಕಾಯುತ್ತಿದ್ದ ಈ ತುಕಡಿಯ ಮೇಲೆ ಮಾರ್ಟರ್ ಗುಂಡುಗಳು ಬಿದ್ದವು. ಗುಡ್ಡದ ಆಚೆಯಿಂದ ಎಸೆದರೂ ಮೇಲಿನಿಂದ ಬಂದು ಬೀಳುವ ಗುಂಡು ಅದು. ಇಬ್ಬರು ಸತ್ತರು, ಐವರಿಗೆ ಗಾಯವಾಯಿತು. ಆ ಐವರಲ್ಲಿ ರಾಣೆಯೂ ಒಬ್ಬರು. ಸತ್ತ ಇಬ್ಬರ ಹೆಸರು ಪ್ರಶಸ್ತಿಪತ್ರದಲ್ಲಿ ಬರುವುದಿಲ್ಲ. ಒಬ್ಬರ ಹೆಸರಿನ ಪತ್ರದಲ್ಲಿ ಉಳಿದವರು ಸಂಖ್ಯೆಯಾಗಿ ಬಿಡುತ್ತಾರೆ.

ಸಣ್ಣ ತುಕಡಿಯಲ್ಲಿ ಏಳು ಮಂದಿ ಒಂದೇ ಏಟಿಗೆ ಬಿದ್ದರೆ ಕೆಲಸ ಅಲ್ಲಿಗೇ ನಿಲ್ಲುವುದು ಸಹಜ. ಗಾಯಗೊಂಡ ಅಧಿಕಾರಿ ಹಿಂದಕ್ಕೆ ಹೋದರೆ ಯಾರೂ ತಪ್ಪೆನ್ನುವುದಿಲ್ಲ. ರಾಣೆ ಉಳಿದವರನ್ನು ಅಲ್ಲೇ ಮತ್ತೆ ಜೋಡಿಸಿಕೊಂಡು ಕೆಲಸಕ್ಕಿಳಿದರು. ಸಂಜೆ ನಾಲ್ಕೂವರೆಯ ಹೊತ್ತಿಗೆ ಡೋಗ್ರಾಗಳು ಬರವಾಲಿ ಗುಡ್ಡವನ್ನು ಹಿಡಿದರು. ಸುತ್ತ ಇನ್ನೂ ಶತ್ರುಗಳಿದ್ದರು. ಅದು ಗೊತ್ತಿದ್ದೇ ರಾಣೆ ತಮ್ಮವರನ್ನು ಮುಂದಕ್ಕೆ ಒಯ್ದು ಟ್ಯಾಂಕುಗಳಿಗೆ ಬಳಸುದಾರಿ ಕಡಿಯಲು ತೊಡಗಿದರು. ಮಷೀನ್‌ಗನ್ನಿನ ಗುಂಡು ಬೀಳುತ್ತಲೇ ಇತ್ತು. ಕೈ ನಿಂತದ್ದು ರಾತ್ರಿ 10 ಗಂಟೆಗೆ.

ಮರುದಿನ, ಏಪ್ರಿಲ್ 9, ಬೆಳಿಗ್ಗೆ 6ಕ್ಕೆ ಮತ್ತೆ ಶುರು. ಮಧ್ಯಾಹ್ನ 3ಕ್ಕೆ ಬಳಸುದಾರಿ ಮುಗಿಯಿತು. ಟ್ಯಾಂಕುಗಳು ಹೊರಟವು. ಆಗ ರಾಣೆ ಎಲ್ಲರಿಗಿಂತ ಮುಂದಿದ್ದ ಕ್ಯಾರಿಯರ್ ಗಾಡಿಯನ್ನು ಹತ್ತಿದರು. ಆ ಕಾಲದ ಕ್ಯಾರಿಯರ್ ಎಂದರೆ ಮೇಲೆ ಮುಚ್ಚಿಗೆಯಿಲ್ಲದ, ಟ್ಯಾಂಕಿನಂತೆ ಉಕ್ಕಿನ ಪಟ್ಟಿಯ ಮೇಲೆ ಉರುಳುವ ಸಣ್ಣ ಬಂಡಿ. ಅರ್ಧ ಮೈಲಿ ಹೋಗುವಷ್ಟರಲ್ಲಿ ಪೈನ್ ಮರಗಳ ತಡೆ. ಇಳಿದು ಸಿಡಿಮದ್ದು ಇಟ್ಟು ಹಾರಿಸಿದರು. ಇನ್ನೂ 300 ಗಜ, ಇನ್ನೊಂದು ತಡೆ, ಮತ್ತೆ ಅದೇ ಕೆಲಸ. ಸಂಜೆ 5ಕ್ಕೆ ಒಡೆದ ಮೋರಿಯೊಂದು ಎದುರಾಯಿತು. ಕೆಲಸಕ್ಕೆ ಕೈಹಾಕುವ ಮುನ್ನವೇ ಮಷೀನ್‌ಗನ್ನುಗಳು ಸದ್ದು ಮಾಡಿದವು. ಅಲ್ಲೂ ಬಳಸುದಾರಿ ಆಯಿತು. ಆರೂಕಾಲಿಗೆ, ಬೆಳಕು ಕುಂದುವಾಗ, ಐದು ದೊಡ್ಡ ಪೈನ್ ಮರಗಳ ತಡೆ, ಸುತ್ತ ನೆಲಬಾಂಬು, ಮೇಲೆ ಮಷೀನ್‌ಗನ್. ಮೇಲೆ ಹೇಳಿದ ಮೂರೂ ಒಂದೇ ಕಡೆ. ರಾಣೆ ಬಾಂಬುಗಳನ್ನು ತೆಗೆಯಲು ಕುಳಿತೇಬಿಟ್ಟಿದ್ದರು. ಟ್ಯಾಂಕುಗಳ ದಂಡನಾಯಕರೇ ಪರಿಸ್ಥಿತಿ ನೋಡಿ ಆ ದಿನಕ್ಕೆ ಸಾಕೆಂದು ದಂಡನ್ನು ರಾತ್ರಿಯ ತಂಗುದಾಣಕ್ಕೆ ಒಯ್ದರು.

ಆ ರಾತ್ರಿ ರಾಣೆಯವರು ಎಷ್ಟು ಹೊತ್ತು ಮಲಗಿರಬಹುದು? 10ನೆಯ ತಾರೀಖು ಬೆಳಗಿನ ಜಾವ ನಾಲ್ಕು ಮುಕ್ಕಾಲಿಗೆ ಅವರು ಅದೇ ಐದು ಮರಗಳ ಬಳಿ ಇದ್ದರು. ನನಗೆ ಇಡೀ ಕಥೆಯಲ್ಲಿ ಅತ್ಯಂತ ದೊಡ್ಡದಾಗಿ ಕಾಣುವ ಗಳಿಗೆ ಇದೇ. ಆವೇಶದಲ್ಲಿ ನುಗ್ಗುವವನಿಗೆ ಆವೇಶವೇ ಅರ್ಧ ಬಲ. ಇಲ್ಲಿ ರಾತ್ರಿಯೊಂದು ನಡುವೆ ಬಂದಿದೆ. ಗಾಯ ತಣ್ಣಗಾಗಿ ನೋವು ತಿಳಿಯುವ ಹೊತ್ತು. ಎಲ್ಲಿ ಬಾಂಬಿದೆ, ಎಲ್ಲಿಂದ ಗುಂಡು ಬರುತ್ತದೆ ಎಂಬುದೆಲ್ಲ ನಿನ್ನೆ ನೋಡಿ ಗೊತ್ತಾಗಿದೆ. ಗೊತ್ತಿದ್ದೂ ಕತ್ತಲಲ್ಲಿ ಎದ್ದು, ಸತ್ತವರ ಜೊತೆಗಾರರನ್ನು ಎಬ್ಬಿಸಿ, ಅದೇ ಜಾಗಕ್ಕೆ ಹೋಗಿ ಮಂಡಿಯೂರುವುದು. ಟ್ಯಾಂಕುಗಳ ಒಂದು ಟ್ರೂಪ್ ಬೆಂಬಲಕ್ಕಿತ್ತು. ಆರೂವರೆಗೆ ಆ ತಡೆ ತೆರವಾಯಿತು.

ಅಲ್ಲಿಂದ ಮುಂದಿನ ಸಾವಿರ ಗಜ ಪೂರ್ತಿ ತಡೆಗಳೇ. ರಸ್ತೆಯ ಅಂಚನ್ನು ಸಿಡಿಸಿ ಕಮರಿಗೆ ಇಳಿಸಿದ್ದರು. ಹತ್ತೂವರೆಗೆ ಅದೂ ಬಿಡಿಸಿತು. ಟ್ಯಾಂಕುಗಳು ರಸ್ತೆ ಬಿಟ್ಟು ತವಿಯ ಪಾತ್ರಕ್ಕೆ ಇಳಿದು, ಮಧ್ಯಾಹ್ನ 2ಕ್ಕೆ ಚಿಂಗಸ್ ಸೇರಿದವು. ರಾಣೆಯ ಹೊಣೆ ಇಲ್ಲಿಗೆ ಮುಗಿಯಿತೆಂದು ನಾವು ಅಂದುಕೊಳ್ಳಬಹುದು. ಟ್ಯಾಂಕು ಹೊಳೆಯ ಕಲ್ಲಿನ ಮೇಲೆ ಹೋದೀತು, ಆದರೆ ಅಕ್ಕಿ, ಹಿಟ್ಟು, ಮದ್ದುಗುಂಡು, ಪೆಟ್ರೋಲು, ಔಷಧಿ ಹೊತ್ತ ಲಾರಿ ಹೋಗದು. ಲಾರಿ ಬರದಿದ್ದರೆ ಟ್ಯಾಂಕು ಎರಡು ದಿನದಲ್ಲಿ ನಿಂತ ಕಬ್ಬಿಣ. ಹಾಗಾಗಿ ಅವರು ಲಾರಿಗಳಿಗಾಗಿ ರಸ್ತೆ ಬಿಡಿಸುತ್ತಾ ಹಿಂದೆ ಉಳಿದರು. ಊಟವಿಲ್ಲದೆ, ವಿಶ್ರಾಂತಿಯಿಲ್ಲದೆ ರಾತ್ರಿ 9ರವರೆಗೆ ಎಂದು ಪತ್ರ ಹೇಳುತ್ತದೆ. 11ರಂದು ಬೆಳಿಗ್ಗೆ 6ಕ್ಕೆ ಮತ್ತೆ ಆರಂಭ, 11ಕ್ಕೆ ಚಿಂಗಸ್‌ವರೆಗೆ ರಸ್ತೆ ತೆರೆಯಿತು, ಆ ರಾತ್ರಿಯೂ 10ರವರೆಗೆ ಮುಂದಿನ ರಸ್ತೆ.

ರಾಣೆಯವರ ಬಗ್ಗೆ ಹೆಚ್ಚಾಗಿ ಹೇಳುವ ಕಥೆ ಇನ್ನೊಂದು. ಗುಂಡಿನಿಂದ ಮರೆಯಾಗಲು ಅವರು ಟ್ಯಾಂಕಿನ ಅಡಿಯಲ್ಲೇ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ನಿಲ್ಲು, ನಡೆ ಎಂಬ ಸಂಜ್ಞೆ ಕೊಡುತ್ತಾ ಬಾಂಬುಗಳನ್ನು ತೆಗೆದರು ಎಂಬುದು. ಸ್ಟುವರ್ಟ್ ಹಗುರ ಟ್ಯಾಂಕೇ ಆದರೂ 14–15 ಟನ್ ಭಾರದ್ದು. ಸಂಜ್ಞೆಯೊಂದು ತಪ್ಪಿದರೆ ಶತ್ರುವಿನ ಬದಲು ಸ್ವಂತ ಟ್ಯಾಂಕೇ ಮೈಮೇಲೆ. ಪ್ರಶಸ್ತಿಪತ್ರದ ಸಾಲುಗಳಲ್ಲಿ ಈ ಹಗ್ಗದ ಸಂಗತಿ ಇಲ್ಲ. ಸೈನ್ಯದ ಕಥನಗಳಲ್ಲಿ ಅದು ಉಳಿದುಬಂದಿದೆ. ಚಿತ್ರ ಬರೆಯುವವರಿಗೆ, ಶಾಲೆಯಲ್ಲಿ ಕಥೆ ಹೇಳುವವರಿಗೆ ಇಷ್ಟವಾಗುವುದೂ ಅದೇ. ನನ್ನ ಮಟ್ಟಿಗೆ ಆ ಒಣ ವೇಳಾಪಟ್ಟಿಯೇ ಹೆಚ್ಚು ಮಾತಾಡುತ್ತದೆ.

ಇನ್ನೊಂದು ವಿಷಯ ಗಮನಿಸಬೇಕು. ಸೆಕೆಂಡ್ ಲೆಫ್ಟಿನೆಂಟ್ ಎಂದರೆ ಆಗ ಅಧಿಕಾರಿಗಳಲ್ಲಿ ತೀರಾ ಕೆಳಗಿನ ಮೆಟ್ಟಿಲು. ಈಗ ಭಾರತೀಯ ಸೇನೆಯಲ್ಲಿ ಆ ಹುದ್ದೆಯೇ ಇಲ್ಲ, ಹೊಸಬರು ನೇರ ಲೆಫ್ಟಿನೆಂಟ್ ಆಗಿ ಸೇರುತ್ತಾರೆ. ಆ ಹುದ್ದೆಯಲ್ಲಿ ಸಾಮಾನ್ಯವಾಗಿ ಇರುತ್ತಿದ್ದವರು ಇಪ್ಪತ್ತು, ಇಪ್ಪತ್ತೊಂದರ ಹುಡುಗರು. ರಾಣೆಯವರಿಗೆ ಆಗ 29 ತುಂಬಿತ್ತು. 1918ರ ಜೂನ್ 26ರಂದು ಹುಟ್ಟಿದ ಅವರ ತಂದೆ ಪೊಲೀಸ್ ಪೇದೆ. ವರ್ಗಾವಣೆಯಿಂದ ವರ್ಗಾವಣೆಗೆ ಶಾಲೆ ಬದಲಾಗುತ್ತಿತ್ತು. 1930ರ ಚಳವಳಿಯ ಗಾಳಿ ಹುಡುಗನಿಗೂ ಸೋಕಿದಾಗ ತಂದೆ ಗಾಬರಿಯಾಗಿ ಮನೆಮಂದಿಯನ್ನು ಚೆಂಡಿಯಾಕ್ಕೆ ಕರೆತಂದರಂತೆ. ತಮಾಷೆಯೆಂದರೆ ಆ ವರ್ಷ ಚೆಂಡಿಯಾದ ಪಕ್ಕದ ಅಂಕೋಲೆಯೇ ಉಪ್ಪಿನ ಸತ್ಯಾಗ್ರಹದ ಕೇಂದ್ರವಾಗಿತ್ತು! ಹತ್ತು ವರ್ಷದ ನಂತರ, 1940ರ ಜುಲೈ 10ರಂದು, ಅದೇ ಹುಡುಗ ಬ್ರಿಟಿಷರ ಸೈನ್ಯದ ಬಾಂಬೆ ಎಂಜಿನಿಯರ್ಸ್‌ಗೆ ಸಾಮಾನ್ಯ ಸಿಪಾಯಿಯಾಗಿ ಸೇರಿದ. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಆ ದಳಕ್ಕೆ ಸೇರುವುದು ಸಹಜವೇ. ತರಬೇತಿಯಲ್ಲಿ ತನ್ನ ತಂಡದ ಅತ್ಯುತ್ತಮ ಸಿಪಾಯಿ ಎನಿಸಿಕೊಂಡು ಕಮಾಂಡೆಂಟರ ಬೆತ್ತವನ್ನು ಬಹುಮಾನವಾಗಿ ಪಡೆದ.

ಬರ್ಮಾದ ಅರಾಕಾನ್‌ನಲ್ಲಿ ಸೈನ್ಯ ಹಿಂದೆ ಸರಿದಾಗ, ಬುಥಿಡೌಂಗ್‌ನಲ್ಲಿ ಶತ್ರುವಿಗೆ ಉಪಯೋಗಕ್ಕೆ ಬರಬಹುದಾದ್ದನ್ನೆಲ್ಲ ನಾಶಮಾಡಿ ಬರಲು ಬಿಟ್ಟುಹೋದ ಗುಂಪಿನಲ್ಲಿ ರಾಣೆ ಇದ್ದರು. ಕೆಲಸ ಮುಗಿಯಿತು, ಆದರೆ ಕರೆದೊಯ್ಯಬೇಕಿದ್ದ ಹಡಗು ಬರಲಿಲ್ಲ. ಜಪಾನೀಯರು ಕಾವಲಿದ್ದ ನದಿಯನ್ನು ತಾವೇ ದಾಟಿ, ಕಣ್ತಪ್ಪಿಸಿ ತಮ್ಮ ಪಡೆಯನ್ನು ಸೇರಿಕೊಂಡರು. ಅದರಿಂದ ಹವಾಲ್ದಾರ್ ಬಡ್ತಿ ಸಿಕ್ಕಿತು. ಅಧಿಕಾರಿಯ ನಕ್ಷತ್ರ ಭುಜಕ್ಕೆ ಬಂದದ್ದು 1947ರ ಡಿಸೆಂಬರ್ 15ರಂದು. ಅಂದರೆ ನೌಶೇರಾದ ರಸ್ತೆಗೆ ಬರುವಾಗ ಅವರು ಅಧಿಕಾರಿಯಾಗಿ ನಾಲ್ಕು ತಿಂಗಳೂ ಆಗಿರಲಿಲ್ಲ, ಸ್ಯಾಪರ್ ಆಗಿ ಮಾತ್ರ ಎಂಟು ವರ್ಷದ ಹತ್ತಿರವಾಗಿತ್ತು. ತುಕಡಿಯವರು ಅವರ ಹಿಂದೆ ಹೋದುದಕ್ಕೆ ಇದೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ. ಅಪ್ಪಣೆ ಕೊಟ್ಟವರು ತಾವೇ ಮಣ್ಣಿಗೆ ಕೈಹಾಕಿ ಬಲ್ಲವರು.

ಬಾಂಬೆ ಸ್ಯಾಪರ್ಸ್‌ನಲ್ಲಿ ಇದಕ್ಕೊಂದು ಮೇಲ್ಪಂಕ್ತಿಯೂ ಇತ್ತು. 1941ರಲ್ಲಿ ಅಬಿಸೀನಿಯಾದ ಗಡಿಯಲ್ಲಿ ಇಟಲಿಯ ಸೈನ್ಯವನ್ನು ಬೆನ್ನಟ್ಟುವಾಗ ಇದೇ ದಳದ ಇನ್ನೊಬ್ಬ ಸೆಕೆಂಡ್ ಲೆಫ್ಟಿನೆಂಟ್, ಪ್ರೇಮೀಂದ್ರ ಸಿಂಗ್ ಭಗತ್, ಮುಂದಿನ ಕ್ಯಾರಿಯರಿನಲ್ಲಿ ಕುಳಿತು ನಾಲ್ಕು ದಿನ, 55 ಮೈಲಿ, 15 ಬಾಂಬಿನ ಬಯಲುಗಳನ್ನು ತೆರವು ಮಾಡಿಸಿದ್ದರು. ಗಾಡಿ ಸಿಡಿದರೂ, ಕಿವಿಯ ತಮಟೆ ಹರಿದರೂ ಬೇರೊಬ್ಬರಿಗೆ ಕೆಲಸ ಒಪ್ಪಿಸಲಿಲ್ಲ. ಅವರಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಅದೇ ಹುದ್ದೆ, ಅದೇ ನಾಲ್ಕು ದಿನ, ಅದೇ ಕೆಲಸ. ಭಗತ್ ಮುಂದೆ ಲೆಫ್ಟಿನೆಂಟ್ ಜನರಲ್ ಆದರು.

ಏಪ್ರಿಲ್ 12ರಂದು ಸೈನ್ಯ ರಾಜೌರಿಯನ್ನು ಸೇರಿತು. ಹಿಮ್ಮೆಟ್ಟುವ ಮುನ್ನ ದಾಳಿಕೋರರು ಊರಿನಲ್ಲಿ ಇನ್ನಷ್ಟು ಜನರನ್ನು ಕೊಂದಿದ್ದರು. ಅಡಗಿದ್ದವರು, ಗುಡ್ಡಗಳಿಗೆ ಓಡಿದ್ದವರು ಹೊರಗೆ ಬಂದರು. ರಸ್ತೆ ಒಂದು ದಿನ ತಡವಾಗಿ ತೆರೆದಿದ್ದರೆ ಅವರಲ್ಲಿ ಎಷ್ಟು ಮಂದಿ ಇರುತ್ತಿದ್ದರು ಎಂಬ ಲೆಕ್ಕ ಯಾವ ಪತ್ರದಲ್ಲೂ ಸಿಗುವಂಥದಲ್ಲ.

ಪರಮವೀರ ಚಕ್ರ ಸ್ಥಾಪನೆಯಾದದ್ದು 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದ ಅನ್ವಯವಾಗುವಂತೆ. 1947–48ರ ಯುದ್ಧಕ್ಕೆ ಐದು ಪದಕಗಳು ಸಂದವು. ಸೋಮನಾಥ ಶರ್ಮಾ, ಜದುನಾಥ ಸಿಂಗ್, ಪೀರು ಸಿಂಗ್ ಮೂವರೂ ರಣರಂಗದಲ್ಲೇ ಮಡಿದಿದ್ದರು. ರಾಣೆ ಮತ್ತು ಕರಮ್ ಸಿಂಗ್ ಬದುಕಿದ್ದರು. ಕಾಲಕ್ರಮದಲ್ಲಿ ಬದುಕುಳಿದು ಈ ಪದಕ ಪಡೆದ ಮೊದಲಿಗರು ರಾಣೆಯವರೇ. ನಮ್ಮ ನಾಡಿನ ವೀರಗಲ್ಲುಗಳು ಮಡಿದವರಿಗಾಗಿ ನಿಂತವು. ತುರು ಬಿಡಿಸಲು ಹೋಗಿ ಸತ್ತವನಿಗೆ ಕಲ್ಲು ಉಂಟು, ತುರು ಬಿಡಿಸಿಕೊಂಡು ಮನೆಗೆ ಬಂದವನಿಗೆ ಹೆಚ್ಚಾಗಿ ಇಲ್ಲ. ಬದುಕಿ ಬಂದ ವೀರನನ್ನು ಹೇಗೆ ನೆನೆಯಬೇಕೆಂಬುದು ನಮಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲವೇನೋ. ರಾಣೆ ಮೇಜರ್ ಆಗಿ ನಿವೃತ್ತರಾಗಿ, ಮತ್ತೆ ಸೈನ್ಯದಲ್ಲೇ ನೇಮಕಗೊಂಡು 1971ರ ಏಪ್ರಿಲ್‌ವರೆಗೆ ಕೆಲಸ ಮಾಡಿದರು. 1994ರ ಜುಲೈ 11ರಂದು ಪುಣೆಯಲ್ಲಿ ತೀರಿಕೊಂಡರು.

1984ರಲ್ಲಿ ಭಾರತೀಯ ನೌಕಾಯಾನ ನಿಗಮದ ತೈಲ ಹಡಗೊಂದಕ್ಕೆ ಅವರ ಹೆಸರಿಟ್ಟಿದ್ದರು, 25 ವರ್ಷ ತಿರುಗಿ ಅದೂ ನಿವೃತ್ತವಾಯಿತು. 2023ರ ಜನವರಿಯಲ್ಲಿ ಅಂಡಮಾನಿನ 21 ದ್ವೀಪಗಳಿಗೆ ಪರಮವೀರ ಚಕ್ರ ಪಡೆದವರ ಹೆಸರಿಟ್ಟಾಗ ಒಂದು ರಾಣೆಯವರ ಪಾಲಿಗೆ ಬಂತು. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯದ ಪಕ್ಕ, 2006ರ ನವೆಂಬರ್ 7ರಂದು ಅವರ ಪ್ರತಿಮೆಯನ್ನು ಅನಾವರಣ ಮಾಡಿದರು. ಹಡಗು ನೋಡಲು ಬರುವ ಶಾಲಾಮಕ್ಕಳು ಅದರ ಮುಂದೆಯೇ ಹಾದುಹೋಗುತ್ತಾರೆ.